ಚಿರತೆಗೆ ಬೋನು ಇಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಅಂಚಿನಲ್ಲಿ ಚಿರತೆಯೊಂದು ಪದೇ ಪದೇ ಕಾಣಿಸಿಕೊಂಡು ನಾಯಿಗಳನ್ನು ಹೊತ್ತೊಯ್ಯುತ್ತಿದೆ. ಫೋನಿನಲ್ಲಿ ದೂರಿದಾಗಲೆಲ್ಲ ಅರಣ್ಯ ಇಲಾಖೆಯವರು ‘ನೋಡೋಣ’ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಬಾಯಿಮಾತಿನ ದೂರಿಗೆ ದಾಖಲೆ ಉಳಿಯುವುದು ಅಪರೂಪವಾದ್ದರಿಂದ, ಚಿರತೆ ಕಂಡ ದಿನ, ಹೊತ್ತು, ಜಾಗಗಳನ್ನು ಬರೆದು, ಹೆಜ್ಜೆಗುರುತಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರದೊಡನೆ ವಲಯ ಅರಣ್ಯಾಧಿಕಾರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಚಿರತೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ (ಅತಿ ಹೆಚ್ಚಿನ ರಕ್ಷಣೆಯುಳ್ಳ ಪ್ರಾಣಿಗಳ ಪಟ್ಟಿ) ಇರುವ ಕಾರಣ, ಬೋನಿಟ್ಟು ಹಿಡಿಯಬೇಕಾದರೆ ಅದು ಮನುಷ್ಯರ ಜೀವಕ್ಕೆ ಅಪಾಯಕಾರಿ ಎಂದು ರಾಜ್ಯದ ವನ್ಯಜೀವಿ ವಿಭಾಗದ ಹಿರಿಯ ಅಧಿಕಾರಿಯಾದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಿ, ಅವರು ಕಾರಣಸಹಿತ ಲಿಖಿತ ಆದೇಶ ನೀಡಬೇಕಾಗುತ್ತದೆ. ಹಾಗಾಗಿ ಮಕ್ಕಳು ಓಡಾಡುವ ದಾರಿಯಲ್ಲೇ ಅದು ಕಂಡಿದ್ದರೆ ಮನವಿಯಲ್ಲಿ ಮೊದಲು ಅದನ್ನೇ ಬರೆಯಿರಿ. ನಾಯಿಯ ವಿಷಯ ಆಮೇಲೆ ಬರಲಿ. ಬೇಸತ್ತು ನೀವೇ ಉರುಳು ಹಾಕಿದರೆ ಮಾತ್ರ ಅಪರಾಧಿಗಳಾಗುವವರು ನೀವು. ಮಾಂಸದ ತ್ಯಾಜ್ಯಕ್ಕೆ ನಾಯಿಗಳು ಸೇರುತ್ತಿದ್ದರೆ, ಅದನ್ನು ತೆರವುಗೊಳಿಸುವಂತೆ ಸ್ಥಳೀಯ ಸಂಸ್ಥೆಗೂ ಬರೆಯಿರಿ.