ನ್ಯೂಜಿಲೆಂಡ್ ದಕ್ಷಿಣ ದ್ವೀಪದ 12 ದಿನದ ಪ್ಲಾನ್ ಹಾಕಿದವರಿಗೆ: ಎಲ್ಲ ರಾತ್ರಿಗೂ ರೂಮು ಬುಕ್ ಮಾಡಬೇಡಿ

ನಿಮ್ಮ ಪ್ಲಾನ್ ಎರಡು ಸಲ ಓದಿದೆ. ನವೆಂಬರ್ ಕೊನೆಯಲ್ಲಿ ಕ್ರೈಸ್ಟ್‌ಚರ್ಚ್‌ಗೆ ಇಳಿದು ಟೇಕಪೋ, ಕ್ವೀನ್ಸ್‌ಟೌನ್, ಅಲ್ಲಿಂದ ಒಂದೇ ದಿನದಲ್ಲಿ ಮಿಲ್ಫರ್ಡ್ ಸೌಂಡ್ ಎನ್ನುವ ಕಡಲಕೊಲ್ಲಿಗೆ ಹೋಗಿ ವಾಪಸ್, ಆಮೇಲೆ ವಾನಾಕ, ಹಾಸ್ಟ್ ಪಾಸ್ ಎನ್ನುವ ಘಾಟಿ ದಾಟಿ ಫಾಕ್ಸ್ ಗ್ಲೇಸಿಯರ್, ಹೋಕಿಟಿಕ, ಆರ್ಥರ್ಸ್ ಪಾಸ್, ಮತ್ತೆ ಕ್ರೈಸ್ಟ್‌ಚರ್ಚ್. ಹನ್ನೊಂದು ರಾತ್ರಿಗೂ ರೂಮು ಬುಕ್ ಆಗಿದೆ, ಹೆಚ್ಚಿನವು ರಿಫಂಡ್ ಇಲ್ಲದ ರೇಟು. "ಎಲ್ಲಾ ಪಕ್ಕಾ ಮಾಡಿದ್ದೇನೆ, ಏನಾದರೂ ಬಿಟ್ಟುಹೋಗಿದೆಯಾ ಹೇಳಿ" ಎಂದು ಕೇಳಿದ್ದೀರಿ. ಬಿಟ್ಟುಹೋಗಿರುವುದು ಒಂದೇ, ಮಳೆ. ಇದೇ ಪಟ್ಟಿಯನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ 2018ರಲ್ಲಿ ನಾನೂ ಮಾಡಿದ್ದೆ, ಕೈ ಸುಟ್ಟುಕೊಂಡೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ದಿನ ನಾವು ನಾಲ್ವರು ವಾನಾಕದಲ್ಲಿದ್ದೆವು. ಹಿಂದಿನ ಸಂಜೆಯಿಂದಲೇ ಬಿಸಿಗಾಳಿ ಬೀಸುತ್ತಿತ್ತು. ಅಲ್ಲಿನ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್‌ನ ಆ್ಯಪ್‌ನಲ್ಲಿ, ಫಾಕ್ಸ್ ಇರುವ ಪಶ್ಚಿಮ ಕರಾವಳಿಯ ವೆಸ್ಟ್‌ಲ್ಯಾಂಡ್‌ಗೆ ಭಾರೀ ಮಳೆಯ ಎಚ್ಚರಿಕೆ ಬಂದಿತ್ತು. ನೋಡಿಯೂ ಹೊರಟೆವು, ಯಾಕೆಂದರೆ ಫಾಕ್ಸ್‌ನಲ್ಲಿ ರೂಮಿಗೆ ದುಡ್ಡು ಕಟ್ಟಿಯಾಗಿತ್ತು. ವಾನಾಕದಲ್ಲಿ ಬಿಸಿಲು, ಹಾವೆಯಾ ಕೆರೆ ಪಕ್ಕ ಮೋಡ, ಮಾಕರೋರಾ ತಲುಪುವಾಗ ನಮ್ಮ ಆಗುಂಬೆಯ ಜುಲೈ ತಿಂಗಳು. ವೈಪರ್ ಪೂರ್ತಿ ಸ್ಪೀಡಿನಲ್ಲಿ ಹೊಡೆದುಕೊಂಡರೂ ಬಾನೆಟ್ ಆಚೆ ಏನೂ ಕಾಣದು. ಎಡಕ್ಕೂ ಬಲಕ್ಕೂ ಗುಡ್ಡದ ತುಂಬ ಬಿಳಿ ಗೆರೆ ಎಳೆದ ಹಾಗೆ ಜಲಪಾತ, ಅರ್ಧ ಗಂಟೆ ಮೊದಲು ಅಲ್ಲಿ ಒಂದೂ ಇದ್ದಿರಲಿಕ್ಕಿಲ್ಲ. ಅಲ್ಲೇ ರಸ್ತೆಗೆ ಅಡ್ಡ ಕಿತ್ತಳೆ ಬಣ್ಣದ ಕೋನ್ ಇಟ್ಟು "ರೋಡ್ ಕ್ಲೋಸ್ಡ್" ಬೋರ್ಡು ಹಾಕಿದ್ದರು. ಮುಂದೆ ಗುಡ್ಡ ಕುಸಿದಿತ್ತು.

ನಾಲ್ಕು ಗಂಟೆ ಕಾರಿನಲ್ಲೇ ಕೂತೆವು, ಈಗ ತೆಗೆಯುತ್ತಾರೆ, ಇನ್ನೊಂದು ಗಳಿಗೆಗೆ ತೆಗೆಯುತ್ತಾರೆ ಅಂತ. ತೆಗೆಯಲಿಲ್ಲ. ವಾಪಸ್ ವಾನಾಕಕ್ಕೆ ಬಂದರೆ ನಮ್ಮಂತೆ ಸಿಕ್ಕಿಕೊಂಡವರಿಂದ ಊರೆಲ್ಲ ಭರ್ತಿ. ಟೆಂಟು, ವ್ಯಾನ್ ಹಾಕಿಕೊಂಡು ತಂಗುವ ಹಾಲಿಡೇ ಪಾರ್ಕ್ ಒಂದರ ಮೂಲೆಯಲ್ಲಿ ಜಾಗ ಸಿಕ್ಕಿ, ನಾಲ್ವರೂ ಕಾರಿನಲ್ಲೇ ಮುದುಡಿ ಮಲಗಿದೆವು. ಮರುದಿನವೂ ರಸ್ತೆ ಬಂದ್. ಫಾಕ್ಸ್‌ನ ರೂಮಿನವರು ಒಂದು ಪೈಸೆ ವಾಪಸ್ ಕೊಡಲಿಲ್ಲ. ಮೂರನೇ ದಿನ ತೆರೆದಾಗ ತಪ್ಪಿಹೋದ ದಿನಗಳನ್ನು ಹಿಡಿಯಲು ಒಂದೇ ಉಸಿರಿಗೆ ವಾನಾಕದಿಂದ ಹೋಕಿಟಿಕ, ಸುಮಾರು 420 ಕಿ.ಮೀ. ಫಾಕ್ಸ್‌ನಲ್ಲಿ ಕಾರು ನಿಲ್ಲಿಸಲೇ ಇಲ್ಲ. ವಾಟರೋವಾ ದಾಟಿದ ಮೇಲೆ ಓಡಿಸುತ್ತಿದ್ದ ಗೆಳೆಯನ ಕಣ್ಣು ಕೂತಿತು, ಎಡಗಾಲಿ ಎರಡೂ ಜಲ್ಲಿಗೆ ಇಳಿದು ಕರಕರ ಸದ್ದು ಬಂದಾಗಲೇ ಎಚ್ಚರ. ಪುಣ್ಯಕ್ಕೆ ಅಲ್ಲಿ ನೇರ ರಸ್ತೆ. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆ ಹಾಲಿಡೇ ಪಾರ್ಕಿನ ಅಡುಗೆಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಬೆಳಿಗ್ಗೆ ಟೋಸ್ಟ್ ಮಾಡಿಕೊಳ್ಳುತ್ತಿದ್ದರು. ನಮ್ಮ ಮುಖ ನೋಡಿ, "ಇಲ್ಲೇಕೆ ಕಾಯುತ್ತೀರಿ, ಪೂರ್ವಕ್ಕೆ ಹೋಗಿ, ಅಲೆಕ್ಸಾಂಡ್ರಾದಲ್ಲಿ ಬಿಸಿಲಿದೆ" ಅಂದರು. ಅವರು ಸೈಕಲ್ ಹಾಕಿಕೊಂಡು ಕ್ಲೈಡ್ ಕಡೆ ಹೊರಟರು, ಅಲ್ಲಿಂದ 152 ಕಿ.ಮೀ.ನ ರೈಲ್ ಟ್ರೇಲ್, ಅಂದರೆ ಹಳೇ ರೈಲುಹಾದಿಯ ಮೇಲಿನ ಸೈಕಲ್ ದಾರಿ ಶುರುವಾಗುತ್ತದೆ. ನಾವು ಹೋಗಲಿಲ್ಲ, ರಸ್ತೆ ಕಾಯುತ್ತ ಕೂತೆವು. ಒಂದೂಕಾಲು ಗಂಟೆಯ ದೂರದಲ್ಲಿ ಬಿಸಿಲಿತ್ತು!

ಎರಡನೇ ಸಲ ಹೋದಾಗ ಅವರ ಮಾತನ್ನೇ ಲೆಕ್ಕವಾಗಿ ಇಟ್ಟುಕೊಂಡೆ. ನಮ್ಮವರಿಗೆ ಇದು ಕಲಿಯಬೇಕಾದ್ದೇ ಅಲ್ಲ, ಮಲೆನಾಡು ಬಯಲುಸೀಮೆ ಲೆಕ್ಕ. ಸದರ್ನ್ ಆಲ್ಪ್ಸ್ ಬೆಟ್ಟಸಾಲು ಅಲ್ಲಿನವರಿಗೆ ಪಶ್ಚಿಮ ಘಟ್ಟ. ಟಾಸ್ಮನ್ ಸಮುದ್ರದಿಂದ ಬಂದ ಗಾಳಿ ಗುಡ್ಡಕ್ಕೆ ಬಡಿದು ಪಶ್ಚಿಮದಲ್ಲೇ ನೀರೆಲ್ಲ ಸುರಿದು, ಪೂರ್ವಕ್ಕೆ ಬರೀ ಒಣಗಾಳಿಯಾಗಿ ಇಳಿಯುತ್ತದೆ. ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ ಸುಮಾರು 6,800 ಮಿ.ಮೀ. ಮಳೆ, ಆಗುಂಬೆಯ ಸಾಲಿನದ್ದೇ. ಅಲೆಕ್ಸಾಂಡ್ರಾದಲ್ಲಿ 350ರ ಆಸುಪಾಸು, ನಮ್ಮ ಚಳ್ಳಕೆರೆಗಿಂತ ಒಣ. ನೀವು ಹೋಗುವ ನವೆಂಬರ್ ಅಲ್ಲಿ ವಸಂತ, ವಾಯವ್ಯ ಗಾಳಿ ಜೋರಾಗಿ ಬೀಸುವ ಕಾಲ. ಸ್ಥಳೀಯರು ಅದನ್ನು "ನಾರ್‌ವೆಸ್ಟರ್" ಅನ್ನುತ್ತಾರೆ. ಪೂರ್ವದ ಕ್ಯಾಂಟರ್‌ಬರಿ ಕಡೆ ನಿಂತು ಪಶ್ಚಿಮಕ್ಕೆ ನೋಡಿ: ಗುಡ್ಡದ ನೆತ್ತಿಯ ಮೇಲೆ ಕಮಾನಿನಂತೆ ಮೋಡ, ಅದರ ಅಡಿಗೆ ಒಂದು ಪಟ್ಟಿ ಶುಭ್ರ ನೀಲಿ ಆಕಾಶ, ಮೈಗೆ ಬಿಸಿಗಾಳಿ. ಇದು ಕಂಡರೆ ಆಚೆ ಬದಿ ಧೋ ಎಂದು ಸುರಿಯುತ್ತಿದೆ ಎಂದೇ ತಿಳಿಯಿರಿ. ಆ ದಿನ ಹಾಸ್ಟ್ ಕಡೆ ಮುಖ ಹಾಕಬೇಡಿ. ಒಮರಾಮದ ಕ್ಲೇ ಕ್ಲಿಫ್ಸ್, ಓಅಮಾರುವಿನ ಪೆಂಗ್ವಿನ್, ಮೊಯೆರಾಕಿಯ ಉರುಟು ಬಂಡೆ, ಕ್ಲೈಡ್, ಅಲೆಕ್ಸಾಂಡ್ರಾ, ಇವನ್ನೆಲ್ಲ ಇಂಥ ದಿನಕ್ಕೇ ಇಟ್ಟುಕೊಳ್ಳಿ. ಗಾಳಿ ತಿರುಗಿ ದಕ್ಷಿಣದಿಂದ ಬೀಸಿದರೆ ಲೆಕ್ಕ ಉಲ್ಟಾ. ಪೂರ್ವಕ್ಕೆ ಚಳಿ ಮಳೆ, ಪಶ್ಚಿಮ ತೊಳೆದಿಟ್ಟ ಹಾಗೆ ತಿಳಿ. ಆಗ ಒಂದು ಗಳಿಗೆ ತಡಮಾಡದೆ ಹಾಸ್ಟ್ ದಾಟಿ.

ಒಂದು ಎಚ್ಚರಿಕೆ. ಆವೊರಾಕಿ ಮೌಂಟ್ ಕುಕ್ ಹಳ್ಳಿ ನಕ್ಷೆಯಲ್ಲಿ ಪೂರ್ವಕ್ಕೇ ಇದೆ, ಆದರೆ ಬೆಟ್ಟದ ಬುಡದಲ್ಲೇ ಇರುವುದರಿಂದ ಅಲ್ಲಿಗೂ ಮಳೆ ಚೆಲ್ಲುತ್ತದೆ, ವರ್ಷಕ್ಕೆ 4,000 ಮಿ.ಮೀ.ಗೂ ಮೇಲೆ. ನಾರ್‌ವೆಸ್ಟರ್ ದಿನ ಅಲ್ಲಿಗೆ ಹೋದರೆ ಮೋಡವನ್ನಷ್ಟೇ ನೋಡುತ್ತೀರಿ. ಟ್ವೈಜಲ್‌ನಲ್ಲೇ ಉಳಿದು, ಬೆಳಿಗ್ಗೆ ಆಕಾಶ ನೋಡಿ ಹೊರಡಿ. ಇನ್ನೊಂದು, ಆ ಗಾಳಿಗೆ ಎತ್ತರದ ಕ್ಯಾಂಪರ್‌ವ್ಯಾನ್ ತೂರಾಡುತ್ತದೆ. ನೀವು ವ್ಯಾನ್ ತೆಗೆದುಕೊಳ್ಳುವ ಮಾತನ್ನೂ ಆಡಿದ್ದೀರಲ್ಲ, ಅದಕ್ಕೆ ಹೇಳಿದೆ.

ಹಾಗಾದರೆ ಬುಕಿಂಗ್? ಮೊದಲ ಎರಡು ರಾತ್ರಿ, ಕೊನೆಯ ರಾತ್ರಿ, ಇಷ್ಟು ಸಾಕು. ಉಳಿದಿದ್ದರಲ್ಲಿ ಎರಡು ದಿನವನ್ನು ಪೂರ್ತಿ ಖಾಲಿ ಬಿಡಿ, ಅದಕ್ಕೆ ಯಾವ ಊರಿನ ಹೆಸರೂ ಬರೆಯಬೇಡಿ. ಮಿಕ್ಕ ದಿನಗಳಿಗೆ ಹಿಂದಿನ ದಿನದವರೆಗೂ ಕ್ಯಾನ್ಸಲ್ ಮಾಡಬಹುದಾದ ರೇಟು ಹಿಡಿಯಿರಿ, ನೂರು ರೂಪಾಯಿಗೆ ಹತ್ತು ಹೆಚ್ಚಾಗಲಿ. "ಸೀಸನ್ ಅಲ್ವಾ, ಆಮೇಲೆ ಸಿಗದಿದ್ದರೆ?" ಎಂದು ಕೇಳುತ್ತೀರಿ. ಕ್ರಿಸ್‌ಮಸ್‌ನಿಂದ ಜನವರಿ ಮುಗಿಯುವವರೆಗೆ ಆ ಭಯ ನಿಜ. ನವೆಂಬರ್‌ನಲ್ಲಿ ಡಾಕ್, ಅಂದರೆ ಅಲ್ಲಿನ ಸಂರಕ್ಷಣಾ ಇಲಾಖೆಯ ಕ್ಯಾಂಪ್‌ಸೈಟುಗಳಲ್ಲಿ ನನಗೆ ಒಮ್ಮೆಯೂ ಜಾಗ ಇಲ್ಲ ಅನ್ನಿಸಿಕೊಳ್ಳಬೇಕಾಗಿ ಬಂದಿಲ್ಲ. ಒಂದು ಟೆಂಟು ಡಿಕ್ಕಿಯಲ್ಲಿ ಇದ್ದರೆ ಯಾವ ರೂಮಿನ ಹಂಗೂ ಇಲ್ಲ. ಡೆಕಾತ್ಲಾನ್‌ನ ಕೆಚುವಾ ಟೆಂಟು ಸಾಕು, ಆದರೆ ಅದರ ತೆಳ್ಳನೆ ಗೂಟಗಳನ್ನು ಮನೆಯಲ್ಲೇ ಬಿಟ್ಟು ಒಳ್ಳೆಯ ಗೂಟ ಕೊಂಡುಕೊಳ್ಳಿ, ಅಲ್ಲಿನ ಕಲ್ಲುನೆಲಕ್ಕೆ ತೆಳ್ಳನೆಯವು ಬಾಗುತ್ತವೆ.

ರಸ್ತೆ ಬಂದ್ ಆದರೆ ಸುತ್ತು ಹಾಕಿ ಹೋಗಬಹುದು ಎಂದು ಗೂಗಲ್ ನಂಬಿ ಕೂರಬೇಡಿ. ಆಲ್ಪ್ಸ್ ದಾಟಲು ಇರುವುದು ಹಾಸ್ಟ್, ಆರ್ಥರ್ಸ್, ಲೂಯಿಸ್ ಈ ಮೂರು ಪಾಸ್ ಮಾತ್ರ. ವಾನಾಕದಿಂದ ಫಾಕ್ಸ್‌ಗೆ ಹಾಸ್ಟ್ ಮೂಲಕ 260 ಕಿ.ಮೀ., ಅದು ಮುಚ್ಚಿದರೆ ಆರ್ಥರ್ಸ್ ಪಾಸ್ ಬಳಸಿ 700 ಕಿ.ಮೀ.ಗೂ ಮೇಲೆ. ಇದು ಅಪರೂಪಕ್ಕೆ ಆಗುವುದೂ ಅಲ್ಲ. 2013ರಲ್ಲಿ ಹಾಸ್ಟ್ ಪಾಸ್‌ನ ಕುಸಿತದಲ್ಲಿ ಕೆನಡಾದ ಜೋಡಿಯೊಂದು ವ್ಯಾನ್ ಸಮೇತ ಕೊಚ್ಚಿಹೋಯಿತು. 2019ರ ಮಾರ್ಚ್‌ನಲ್ಲಿ ಫಾಕ್ಸ್ ಹತ್ತಿರದ ಫ್ರಾಂಜ್ ಜೋಸೆಫ್ ಊರಿನ ಪಕ್ಕದ ವಾಯಹೋ ಸೇತುವೆಯೇ ಹೊಳೆ ಪಾಲಾಯಿತು. 2020ರ ಫೆಬ್ರವರಿಯಲ್ಲಿ ಮಿಲ್ಫರ್ಡ್ ರಸ್ತೆ ಕಿತ್ತುಹೋಗಿ ನೂರಾರು ಜನರನ್ನು ಹೆಲಿಕಾಪ್ಟರಿನಲ್ಲಿ ಹೊರಗೆ ತರಬೇಕಾಯಿತು. ಹಾಗಾಗಿ ಬೆಳಿಗ್ಗೆ ಕಾಫಿಗೆ ಮೊದಲು ಅಲ್ಲಿನ ಹೆದ್ದಾರಿ ಸಂಸ್ಥೆ ಎನ್‌ಝಡ್‌ಟಿಎಯ ಜರ್ನಿ ಪ್ಲಾನರ್‌ನಲ್ಲಿ ರಸ್ತೆ ತೆರೆದಿದೆಯಾ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಈಗ ಮಿಲ್ಫರ್ಡ್. ಕ್ವೀನ್ಸ್‌ಟೌನ್‌ನಿಂದ ನಕ್ಷೆಯಲ್ಲಿ ಪಕ್ಕದ ಮನೆಯಂತೆ ಕಾಣುತ್ತದೆ, ನಡುವೆ ಗುಡ್ಡ ಇರುವುದರಿಂದ ರಸ್ತೆ ಸುತ್ತಿಬಳಸಿ ಒಂದು ಬದಿಗೇ 290 ಕಿ.ಮೀ. ಹತ್ತಿರ. ಹೋಗಿ ಬರುವುದೇ ಎಂಟು ಗಂಟೆ, ಮೇಲೆ ಎರಡು ಗಂಟೆ ಬೋಟು. ಸ್ವಂತ ಕಾರು ಓಡಿಸಿಕೊಂಡು ಒಂದೇ ದಿನದಲ್ಲಿ ದಯವಿಟ್ಟು ಬೇಡ. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ ಎನ್ನುವ ಧೈರ್ಯವೂ ಬೇಡ, ಕಣ್ಣಿಗೆ ಬೆಳಕಿದ್ದರೂ ಮೈಗೆ ದಣಿವು ದಣಿವೇ. ದಾರಿಯಲ್ಲಿ ಸಿಗುವ ಟೆ ಅನಾವ್ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ, ಅಥವಾ ಕ್ಯಾಸ್ಕೇಡ್ ಕ್ರೀಕ್‌ನಲ್ಲಿ ಟೆಂಟು ಹಾಕಿ. ಟೆ ಅನಾವ್‌ನಿಂದ ಮಿಲ್ಫರ್ಡ್‌ಗೆ 118 ಕಿ.ಮೀ., ಟ್ಯಾಂಕ್ ಅಲ್ಲೇ ತುಂಬಿಸಿಕೊಳ್ಳಿ, ಮುಂದೆ ಪೆಟ್ರೋಲಿಗೆ ಯಾರನ್ನೂ ನಂಬಬೇಡಿ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಕ್ವೀನ್ಸ್‌ಟೌನ್ ಬಸ್ಸುಗಳು ಬರುವ ಮೊದಲು ಎಗ್ಲಿಂಟನ್ ಕಣಿವೆ ನಿಮ್ಮೊಬ್ಬರದೇ. 1.2 ಕಿ.ಮೀ.ನ ಹೋಮರ್ ಸುರಂಗದಲ್ಲಿ ಸಿಗ್ನಲ್ ಕಾಯುವಾಗ ಕಿಯಾ ಗಿಳಿಗಳು ಕಾರಿನ ಮೇಲೆ ಬಂದು ಕೂರುತ್ತವೆ. ತಿಂಡಿ ಹಾಕಬೇಡಿ, ಗಾಜಿನ ಸುತ್ತಲಿನ ರಬ್ಬರನ್ನು ಕೊಕ್ಕಿನಿಂದ ಎಳೆದು ಕಿತ್ತುಹಾಕುತ್ತವೆ, ಬಾಡಿಗೆ ಕಾರಿನ ಬಿಲ್ಲು ನಿಮಗೇ.

ಮಿಲ್ಫರ್ಡ್‌ನಲ್ಲಿ ಮಳೆ ಬಂತು ಎಂದು ಬೇಸರ ಬೇಡ. ವರ್ಷವಿಡೀ ಹರಿಯುವ ಜಲಪಾತ ಅಲ್ಲಿ ಎರಡೇ, ಲೇಡಿ ಬೋವೆನ್ ಮತ್ತು ಸ್ಟರ್ಲಿಂಗ್. ಉಳಿದ ನೂರಾರು ಮಳೆಗೆ ಹುಟ್ಟಿ ಮಳೆಯ ಜೊತೆ ಹೋಗುವಂಥವು. ದೊಡ್ಡ ಮಳೆ ನಿಂತು ರಸ್ತೆ ತೆರೆದ ಮರುದಿನ ಸಿಕ್ಕರೆ ಅದಕ್ಕಿಂತ ಭಾಗ್ಯ ಇಲ್ಲ. ಖಾಲಿ ದಿನ ಇಟ್ಟುಕೊಂಡವರಿಗೆ ಮಾತ್ರ ಅದು ಸಿಗುತ್ತದೆ.

ಕೊನೆಯಲ್ಲಿ "ಒಂದು ಟ್ರೆಕ್ ಕೂಡ" ಎಂದು ಸೇರಿಸಿದ್ದೀರಿ, ರೂಟ್‌ಬರ್ನ್. ಕಾರಿನಲ್ಲಿ ಹೋದವರಿಗೆ ಅದು ತಲೆನೋವು. ನಡೆದರೆ 33 ಕಿ.ಮೀ., ಆದರೆ ಆ ತುದಿಯಿಂದ ಈ ತುದಿಗೆ ರಸ್ತೆಯಲ್ಲಿ 300 ಕಿ.ಮೀ. ಮೀರುತ್ತದೆ. ಕಾರು ಒಂದು ಕಡೆ, ನೀವು ಇನ್ನೊಂದು ಕಡೆ. ಕೆಪ್ಲರ್ ಹಿಡಿಯಿರಿ, 60 ಕಿ.ಮೀ.ನ ಸುತ್ತು, ಹೊರಟ ಜಾಗಕ್ಕೇ ವಾಪಸ್ ಬರುತ್ತೀರಿ. ಅಷ್ಟು ದಿನ ಇಲ್ಲದಿದ್ದರೆ ಲಕ್ಸ್‌ಮೋರ್ ಹಟ್‌ವರೆಗೆ ಹತ್ತಿ ಇಳಿಯಿರಿ. ಮರದ ಗೆರೆ ದಾಟಿ ಹುಲ್ಲುಗಾವಲಿಗೆ ಕಾಲಿಟ್ಟ ಕೂಡಲೇ ಕೆಳಗೆ ಇಡೀ ಟೆ ಅನಾವ್ ಕೆರೆ. ಗಾಳಿ ಎಚ್ಚರಿಕೆ ಇದ್ದ ದಿನ ಮಾತ್ರ ಆ ಬೋಳು ನೆತ್ತಿಗೆ ಹೋಗಬೇಡಿ.

ಸೇತುವೆ ಇಲ್ಲದ ಹಳ್ಳಗಳ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಬೈದ ಹಾಗಿದ್ದರೂ ಪರವಾಗಿಲ್ಲ. 19ನೇ ಶತಮಾನದಲ್ಲಿ ನೀರುಪಾಲಾಗುವುದನ್ನು "ನ್ಯೂಜಿಲೆಂಡ್ ಸಾವು" ಎಂದೇ ಕರೆಯುತ್ತಿದ್ದರು, ಅಷ್ಟು ಜನ ಹೊಳೆ ದಾಟುವಾಗ ಹೋಗಿದ್ದಾರೆ. ನಾವೆಲ್ಲ ತುಂಗೆ ಭದ್ರೆ ನೋಡಿ ಬೆಳೆದವರು, ಮೊಣಕಾಲು ನೀರು ತಾನೇ ಅನ್ನಿಸುತ್ತದೆ. ಆ ನೀರು ಹಿಮದಿಂದ ಇಳಿದದ್ದು, ಎರಡು ನಿಮಿಷಕ್ಕೆ ಕಾಲು ಮರಗಟ್ಟುತ್ತದೆ, ತಳದಲ್ಲಿ ಕಲ್ಲು ಉರುಳುತ್ತಿರುತ್ತದೆ. ನೀರು ಬಣ್ಣ ತಿರುಗಿದ್ದರೆ, ಕಲ್ಲು ಉರುಳುವ ಗುಡುಗುಡು ಸದ್ದು ಕೇಳಿದರೆ, ಕೊಂಬೆರೆಂಬೆ ತೇಲಿ ಬರುತ್ತಿದ್ದರೆ ದಾಟಬೇಡಿ. ಅಲ್ಲೇ ಕೂತು ಬುತ್ತಿ ಬಿಚ್ಚಿ. ಅಲ್ಲಿನ ಹೊಳೆ ಏರುವಷ್ಟೇ ಬೇಗ ಇಳಿಯುತ್ತದೆ, ಮಳೆ ನಿಂತ ಕೆಲವೇ ಗಂಟೆಯಲ್ಲಿ. ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಉಪಗ್ರಹದ ಮೂಲಕ ಸಹಾಯಕ್ಕೆ ಕರೆಯುವ ಪಿಎಲ್‌ಬಿ ಎನ್ನುವ ಬೀಕನ್ ಬಾಡಿಗೆಗೆ ಸಿಗುತ್ತದೆ, ಒಂದು ಊಟದ ದುಡ್ಡು ಉಳಿಸಿಯಾದರೂ ತೆಗೆದುಕೊಳ್ಳಿ.

ಬ್ಯಾಗಿನ ಮೇಲೆ ಹಾಕುವ ರೇನ್‌ಕವರ್ ಅಲ್ಲಿನ ಮಳೆಗೆ ತಡೆಯುವುದಿಲ್ಲ. ಬೆನ್ನಿನ ಕಡೆಯಿಂದ ನೀರು ಇಳಿದು ಸ್ಲೀಪಿಂಗ್ ಬ್ಯಾಗು ಒದ್ದೆ. ಒಳಗೆ ದಪ್ಪ ಪ್ಲಾಸ್ಟಿಕ್ ಲೈನರ್ ಹಾಕಿ, ಡಾಕ್ ಕಚೇರಿಯಲ್ಲೇ ಹಳದಿ ಬಣ್ಣದ್ದು ಮಾರುತ್ತಾರೆ. ಜೀನ್ಸ್, ಕಾಟನ್ ಟೀಶರ್ಟ್ ಬೇಡ. ಮೆರಿನೋ ಉಣ್ಣೆಯ ಬಟ್ಟೆ ಒಂದು ಜೊತೆ ಅಲ್ಲೇ ಮ್ಯಾಕ್‌ಪ್ಯಾಕ್ ಅಂಗಡಿಯಲ್ಲಿ ಸೇಲ್ ಇದ್ದಾಗ ಕೊಂಡರೆ ಹತ್ತು ವರ್ಷ ಬಾಳುತ್ತದೆ, ನನ್ನದು ಇನ್ನೂ ಇದೆ.

ಶೂ ಮತ್ತು ಟೆಂಟಿನ ಗೂಟಕ್ಕೆ ಅಂಟಿದ ಕುಮಾರ ಪರ್ವತದ ಮಣ್ಣನ್ನು ಹಳೇ ಬ್ರಷ್ಷಿನಿಂದ ತಿಕ್ಕಿ ತೊಳೆದೇ ಹೊರಡಿ. ಹೊರಗಿನ ಮಣ್ಣು, ತಿಂಡಿ ಒಳಗೆ ಬಾರದಂತೆ ಅಲ್ಲಿ ತಪಾಸಣೆ ಇದೆ, ಅದಕ್ಕೆ ವಿಮಾನದಲ್ಲಿ ಕೊಡುವ ಫಾರ್ಮ್‌ನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಶೂ, ಟೆಂಟು, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ಟು, ನಿಪ್ಪಟ್ಟು ಎಲ್ಲವನ್ನೂ "ಹೌದು, ಇದೆ" ಎಂದೇ ಬರೆಯಿರಿ. ಬರೆದರೆ ಹೆಚ್ಚೆಂದರೆ ಒಂದು ಡಬ್ಬಿ ಕಸಕ್ಕೆ ಹೋಗುತ್ತದೆ, ಬಚ್ಚಿಟ್ಟರೆ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ಅಂತೂ ತರಲೇಬೇಡಿ.

ವ್ಯಾನ್ ತೆಗೆದುಕೊಳ್ಳುವುದಾದರೆ ಟಾಯ್ಲೆಟ್, ನೀರು ಎಲ್ಲ ಗಾಡಿಯಲ್ಲೇ ಇದೆ ಎನ್ನುವ ಪ್ರಮಾಣಪತ್ರ, ಸೆಲ್ಫ್ ಕಂಟೇನ್ಡ್ ವಾರಂಟ್ ಹಸಿರು ಬಣ್ಣದ್ದೇ ಇದೆಯಾ ಎಂದು ಕೇಳಿ, ಹೊಸ ಕಾನೂನಿನ ಪ್ರಕಾರ ಟಾಯ್ಲೆಟ್ ಗಾಡಿಗೇ ಜೋಡಿಸಿರಬೇಕು. ಸೀಟಿನಡಿ ಇಡುವ ಡಬ್ಬಿ ಟಾಯ್ಲೆಟ್ ತೋರಿಸಿ ಸಾಕು ಅಂದರೆ ಒಪ್ಪಬೇಡಿ. ನಮ್ಮ ಕಾರ್ಡ್ ಲೈಸೆನ್ಸ್ ಇಂಗ್ಲಿಷಿನಲ್ಲಿರುವುದರಿಂದ ನಡೆಯುತ್ತದೆ. ಎಡಬದಿ ಓಡಿಸುವುದೂ ನಮ್ಮಂತೆಯೇ, ಆದರೆ ಒನ್ ಲೇನ್ ಬ್ರಿಡ್ಜ್‌ನಲ್ಲಿ ಹಾರ್ನ್ ಹೊಡೆದು ನುಗ್ಗುವ ಪದ್ಧತಿ ಇಲ್ಲ. ಬೋರ್ಡಿನಲ್ಲಿ ನಿಮ್ಮ ಬಾಣ ಚಿಕ್ಕದು, ಕೆಂಪು ಬಣ್ಣದ್ದಾದರೆ ನೀವು ನಿಲ್ಲಬೇಕು. ಹಿಂದೆ ಮೂರು ಕಾರು ಸೇರಿದರೆ ಬದಿಗೆ ಸರಿದು ದಾರಿ ಬಿಡಿ.

ಸ್ಯಾಂಡ್‌ಫ್ಲೈ ಎನ್ನುವ ಕಚ್ಚುವ ಸಣ್ಣ ನೊಣದ ಬಗ್ಗೆ ಯಾರೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. ಪಶ್ಚಿಮ ಕರಾವಳಿಯಲ್ಲೂ ಮಿಲ್ಫರ್ಡ್‌ನಲ್ಲೂ ನಿಂತಲ್ಲೇ ಮುತ್ತುತ್ತವೆ. ಉಂಬಳ ಕಚ್ಚಿದರೆ ಎರಡು ದಿನ, ಇದರ ತುರಿಕೆ ಒಂದು ವಾರ. ನಡೆಯುತ್ತಿದ್ದರೆ ಹತ್ತಿರ ಬರುವುದಿಲ್ಲ, ಕತ್ತಲಾದ ಮೇಲೆ ಕಾಣುವುದಿಲ್ಲ. ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಳ್ಳಿ, ಪಿಕಾರಿಡಿನ್ ಇರುವ ಸ್ಪ್ರೇ ಅಲ್ಲಿನ ಫಾರ್ಮಸಿಯಲ್ಲೇ ತೆಗೆದುಕೊಳ್ಳಿ. ದಿನಸಿಯನ್ನು ವಾನಾಕ ಅಥವಾ ಕ್ರೋಮ್‌ವೆಲ್‌ನಲ್ಲೇ ತುಂಬಿಕೊಳ್ಳಿ, ಹಾಸ್ಟ್‌ನಲ್ಲಿ ಬೆಲೆ ಕೇಳಿದರೆ ಹಸಿವೆ ಹೋಗುತ್ತದೆ.

ಬುಕಿಂಗ್‌ನಲ್ಲಿ ಯಾವುದಕ್ಕೆ ಇನ್ನೂ 24 ಗಂಟೆಯ ಕ್ಯಾನ್ಸಲೇಷನ್ ಅವಕಾಶ ಇದೆ ಅಂತ ಇವತ್ತೇ ಮೇಲ್ ತೆಗೆದು ನೋಡಿ. ಫಾಕ್ಸ್‌ನದ್ದು ಮತ್ತು ಕ್ವೀನ್ಸ್‌ಟೌನ್‌ನ ಎರಡನೇ ರಾತ್ರಿ, ಇವೆರಡನ್ನು ಮೊದಲು ಬಿಡಿಸಿಕೊಳ್ಳಿ. ಹೊಸ ಪಟ್ಟಿ ಇಲ್ಲೇ ಹಾಕಿ, ಟೆ ಅನಾವ್‌ನ ಎರಡು ರಾತ್ರಿ ಎಲ್ಲಿ ಕೂರುತ್ತವೆ ಎಂದು ನೋಡಿ ಹೇಳುತ್ತೇನೆ.