‘ದ ಜನರಲ್’ ನೋಡಿ ನಕ್ಕದ್ದು ತಪ್ಪೇ?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದ, ಅಮೆರಿಕದ ಹಾಸ್ಯನಟ-ನಿರ್ದೇಶಕ ಬಸ್ಟರ್ ಕೀಟನ್‌ನ ‘ದ ಜನರಲ್’ ಮೂಕಿ ಚಿತ್ರವನ್ನು ಈಚೆಗೆ ಮಗಳೊಂದಿಗೆ ಮತ್ತೆ ನೋಡಿದೆ. ಅವಳೂ ನಕ್ಕಳು. ಆದರೆ ಮುಗಿದ ಮೇಲೆ, ‘ಅಪ್ಪಾ, ಈ ನಾಯಕ ಗುಲಾಮರನ್ನು ಇಟ್ಟುಕೊಂಡವರ ಕಡೆಯವನಲ್ಲವೇ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಚಿತ್ರವನ್ನು ಈಗ ಹೇಗೆ ನೋಡಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾಳೆ. 1926ರ ಈ ಚಿತ್ರದ ಹಿಂದೆ ನಿಜವಾಗಿ ನಡೆದ ಘಟನೆಯೊಂದಿದೆ. ಅಮೆರಿಕದ ಅಂತರ್ಯುದ್ಧದ ವೇಳೆ, 1862ರ ಏಪ್ರಿಲ್‌ನಲ್ಲಿ, ಉತ್ತರದ ಪರವಾಗಿ ಜೇಮ್ಸ್ ಆಂಡ್ರ್ಯೂಸ್ ಮತ್ತು ಸಂಗಡಿಗರು ಜಾರ್ಜಿಯಾದಲ್ಲಿ ‘ಜನರಲ್’ ಎಂಬ ರೈಲು ಎಂಜಿನ್ನನ್ನು ಅಪಹರಿಸಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟಿದ್ದ ದಕ್ಷಿಣದವರ ಹಳಿಗಳನ್ನೂ ತಂತಿಗಳನ್ನೂ ಹಾಳುಗೆಡವಲು ಹೊರಟು ಸಿಕ್ಕಿಬಿದ್ದರು. ಆಂಡ್ರ್ಯೂಸ್ ಸೇರಿ ಎಂಟು ಮಂದಿಯನ್ನು ಗಲ್ಲಿಗೇರಿಸಲಾಯಿತು. ಕೀಟನ್ ಈ ಕತೆಯನ್ನು ತಿರುಗಿಸಿ, ಎಂಜಿನ್ ಕಳೆದುಕೊಂಡ ದಕ್ಷಿಣದ ಚಾಲಕನನ್ನೇ ನಾಯಕನನ್ನಾಗಿ ಮಾಡಿದ. ಯುದ್ಧದಲ್ಲಿ ಸೋತ ದಕ್ಷಿಣದವರನ್ನು ಖಳರನ್ನಾಗಿ ತೋರಿಸಿದರೆ ಪ್ರೇಕ್ಷಕರು ಒಪ್ಪಲಾರರು ಎಂಬುದು ಅವನ ಲೆಕ್ಕಾಚಾರವಾಗಿತ್ತು. ಯುದ್ಧಕ್ಕೆ ಮೂಲವಾದ ಗುಲಾಮಗಿರಿಯ ಮಾತೇ ಚಿತ್ರದಲ್ಲಿ ಬರುವುದಿಲ್ಲ. ಮೂಕಿ ಚಿತ್ರವೇ ಆದರೂ ಈ ಒಂದು ಮೌನ ಇಂದು ಬೇರೆಯಾಗಿಯೇ ಕೇಳಿಸುತ್ತದೆ.

ಹಾಗೆಂದು ನಿಮ್ಮ ನಗು ಸುಳ್ಳಾಗುವುದಿಲ್ಲ. ಪ್ರೇಯಸಿಯ ತಿರಸ್ಕಾರದಿಂದ ಕುಗ್ಗಿ, ಎಂಜಿನ್ನಿನ ಗಾಲಿಗಳನ್ನು ಜೋಡಿಸುವ ಉಕ್ಕಿನ ದಂಡದ ಮೇಲೆ ಕುಳಿತ ನಾಯಕನನ್ನು, ಅವನ ಅರಿವಿಗೇ ಬಾರದಂತೆ ಎಂಜಿನ್ ಹೊರಟು ಮೇಲಕ್ಕೂ ಕೆಳಕ್ಕೂ ತೂಗುತ್ತ ಒಯ್ಯುವ ದೃಶ್ಯವನ್ನೇ ನೋಡಿ. ಅಲ್ಲಿ ಕುಳಿತವನು ಸ್ವತಃ ಕೀಟನ್. ಗಾಲಿ ತುಸು ವೇಗವಾಗಿ ಸುತ್ತಿದ್ದರೂ ಪ್ರಾಣಕ್ಕೆ ಸಂಚಕಾರವಾಗುತ್ತಿತ್ತು. ಮುಖದಲ್ಲಿ ಒಂದು ಗೆರೆಯೂ ಅಲುಗದ ಆ ದುಃಖಕ್ಕೆ ವಯಸ್ಸಾಗಿಲ್ಲ. ಉರಿಯುವ ಸೇತುವೆ ಕುಸಿದಾಗ ನದಿಗೆ ಬೀಳುವುದೂ ನಿಜವಾದ ಎಂಜಿನ್ನೇ.

ನನಗೆ ಕಸಿವಿಸಿಯಾಗುವುದು ಬೇರೆಡೆ. ನಾಯಕಿ ಅನಾಬೆಲ್‌ಳನ್ನು ಚೀಲದಲ್ಲಿ ತುಂಬಿ ಸರಕಿನಂತೆ ಸಾಗಿಸುವುದು, ಎಂಜಿನ್ನಿನ ಒಲೆಗೆ ಪುಟ್ಟ ಚಕ್ಕೆ ಹಾಕಿದಳೆಂದು ಅವಳ ಕುತ್ತಿಗೆ ಹಿಸುಕಲು ಹೋಗಿ ಮರುಕ್ಷಣವೇ ಮುತ್ತಿಡುವುದು ಅಂದಿನಷ್ಟು ಸಲೀಸಾಗಿ ಈಗ ನಗಿಸುವುದಿಲ್ಲ. (ಆದರೂ ಹಳಿಗೆ ಅಡ್ಡವಾಗಿ ಅವಳು ಎರಡು ಗಿಡಗಳ ನಡುವೆ ಕಟ್ಟಿದ ಹಗ್ಗವೇ, ಅವನ ತಾತ್ಸಾರವನ್ನು ಸುಳ್ಳಾಗಿಸಿ, ಬೆನ್ನಟ್ಟುವವರನ್ನು ತೊಡಕಿಗೆ ಸಿಲುಕಿಸುತ್ತದೆ.)

ಮತ್ತೆ ನೋಡುವ ಮುನ್ನ ಮಗಳಿಗೆ ಆಂಡ್ರ್ಯೂಸ್‌ನ ಕತೆಯನ್ನು ಹೇಳಿ, ಸೇನೆಗೆ ಸೇರಲು ನಾಯಕ ಸಾಲಿನಲ್ಲಿ ನಿಲ್ಲುವ ದೃಶ್ಯವನ್ನು ಗಮನಿಸಲು ತಿಳಿಸಿ. ಯುದ್ಧ ಯಾವುದಕ್ಕಾಗಿ ಎಂಬ ಯೋಚನೆ ಅವನಿಗೆ ಬರುವುದೇ ಇಲ್ಲ. ಹುಡುಗಿ ಮೆಚ್ಚಬೇಕು, ಅದಕ್ಕೊಂದು ಸಮವಸ್ತ್ರ ಬೇಕು, ಅಷ್ಟೇ.