'ಬಲೆ ಹರಿದ್ರೆ ದುಡ್ಡು ಯಾರು ಕೊಡ್ತಾರೆ?' ಅಲ್ಲಿಂದಲೇ ಶುರು ಮಾಡಿ

ಪ್ರಶ್ನೆ: ಸರ್, ನಮ್ದು ಕುಂದಾಪುರ ಹತ್ರದ ಊರು. ಕಡಲಾಮೆ ಉಳಿಸ್ಬೇಕು ಅಂತ ನಮ್ಮ ಯುವಕ ಮಂಡಲದಿಂದ ಊರವ್ರು, ಹೋಮ್‌ಸ್ಟೇಯವ್ರು, ಮುಂಬೈ-ದುಬೈಲಿರೋರ ಹತ್ರ ಕೇಳಿ ಸುಮಾರು 60 ಸಾವಿರ ಒಟ್ಟು ಮಾಡಿದೀವಿ. ಬೋರ್ಡ್ ಹಾಕ್ಸಿ ಜಾಗೃತಿ ಕಾರ್ಯಕ್ರಮ ಮಾಡೋಣ ಅಂತ ಹೋದ್ರೆ ಮೀನುಗಾರರು 'ನಮ್ ಬಲೆ ಹರ್ದ್ರೆ ನೀವ್ ಕೊಡ್ತ್ರಿಯಾ?' ಅಂತಾರೆ. ಅವ್ರಿಗೆ ಹೇಗೆ ತಿಳಿಸಿ ಹೇಳೋದು?

ಉತ್ತರ: ಅವ್ರು ಕೇಳಿದ್ದು ಸರಿಯಾಗೇ ಇದೆ, ಬೇಜಾರ್ ಮಾಡ್ಕೋಬೇಡಿ. ಬೋರ್ಡಿಗೆ ಒಂದ್ರೂಪಾಯಿನೂ ಹಾಕ್ಬೇಡಿ, ಆಮೆ ಬಿಡಿಸೋಕೆ ಬಲೆ ಕತ್ತರಿಸಿದವ್ರಿಗೆ ನಷ್ಟ ತುಂಬಿಕೊಡೋ ಒಂದು ನಿಧಿ ಮಾಡಿ, ಅಷ್ಟೂ ದುಡ್ಡು ಅದಕ್ಕೇ ಇಡಿ ಅಂತ ನಾನು ಹೇಳೋದು.

ಯಾಕೆ ಅಂದ್ರೆ ಗುಜರಾತಿನ ಸೌರಾಷ್ಟ್ರದ ಕಥೆ ಕೇಳಿ. ವೆರಾವಲ್, ಪೋರಬಂದರ್, ಮಾಂಗ್ರೋಳ್ ಕಡೆ ಕಡಲಿಗೆ ತಿಮಿಂಗಿಲ ಶಾರ್ಕ್ ಬರುತ್ತೆ, ಮೀನುಗಳಲ್ಲೇ ಅತಿ ದೊಡ್ಡದು, ಬಸ್ಸಿನಷ್ಟು ಉದ್ದ ಬೆಳೆಯುತ್ತೆ, ಆದ್ರೆ ತಿನ್ನೋದು ಪ್ಲಾಂಕ್ಟನ್ನು ಅಂದ್ರೆ ನೀರಲ್ಲಿ ತೇಲೋ ಪುಟಾಣಿ ಜೀವಿಗಳು, ಸಣ್ಣಪುಟ್ಟ ಮೀನು, ಮನುಷ್ಯರ ತಂಟೆಗೇ ಬರಲ್ಲ. ಅಲ್ಲಿನವ್ರು ಅದನ್ನ 'ಬ್ಯಾರೆಲ್' ಅಂತಿದ್ರು. ದೊಡ್ಡ ಕೊಕ್ಕೆ ಹೊಡೆದು ಅದರ ಹಗ್ಗಕ್ಕೆ ಬ್ಯಾರೆಲ್ ಕಟ್ಟಿ ಬಿಡೋರು, ಪಾಪ ಅದು ಆಳಕ್ಕೆ ಹೋಗೋಕಾಗದೆ ಒದ್ದಾಡಿ ಸುಸ್ತಾದ್ಮೇಲೆ ದಡಕ್ಕೆ ಎಳ್ಕೊಂಡು ಬರೋರು. ಅದರ ಲಿವರ್ ಎಣ್ಣೆನ ಮರದ ದೋಣಿಗೆ ಬಳಿಯೋಕೆ ಬಳಸ್ತಿದ್ರು, ಆಮೇಲಾಮೇಲೆ ಮಾಂಸ ಹೊರದೇಶಕ್ಕೂ ಹೋಗೋಕೆ ಶುರುವಾಯ್ತು. 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಗೆ ಅದನ್ನ ಸೇರಿಸಿದ್ರು, ಆದ್ರೂ ಕಾನೂನು ಬಂದಿರೋದೇ ಎಷ್ಟೋ ಜನಕ್ಕೆ ಗೊತ್ತಿರ್ಲಿಲ್ಲ.

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸ್, ಗುಜರಾತ್ ಅರಣ್ಯ ಇಲಾಖೆ ಸೇರಿ ಒಂದು ಅಭಿಯಾನ ಶುರು ಮಾಡಿದ್ರು. ರಾಮಕಥೆ ಹೇಳೋ ಮೊರಾರಿ ಬಾಪು ಊರೂರಲ್ಲಿ ಹೇಳಿದ್ದು ಇಷ್ಟೇ: ಹೆರಿಗೆಗೆ ಅಂತ ಮಗಳು ತವರಿಗೆ ಬರ್ತಾಳಲ್ಲ, ಹಾಗೆ ಈ ಮೀನು ನಿಮ್ಮ ಕಡಲಿಗೆ ಬರುತ್ತೆ, ಮಗಳನ್ನ ಯಾರಾದ್ರೂ ಕೊಲ್ತಾರಾ? ಬ್ಯಾರೆಲ್ ಅಂತಿದ್ದ ಮೀನಿಗೆ 'ವ್ಹಾಲಿ' ಅಂತ ಹೆಸರು ಬಂತು, ಅಂದ್ರೆ ಮುದ್ದಿನವಳು. ನಂಗಂತೂ ಇದನ್ನ ನೆನೆಸ್ಕೊಂಡಾಗೆಲ್ಲ ಕಣ್ಣು ತುಂಬುತ್ತೆ, ಬಾಣಂತನಕ್ಕೆ ಮಗಳು ಬರೋ ಮನೆ ಯಾವ ಊರಲ್ಲಿಲ್ಲ ಹೇಳಿ.

ಆದ್ರೆ ಮಾತಿಗೇ ನಿಲ್ಲಿಸಿದ್ರೆ ಅದು ನಡೀತಿರ್ಲಿಲ್ಲ. ಬಲೆಗೆ ಬಿದ್ದ ಮೀನನ್ನ ಬಿಡ್ಬೇಕಂದ್ರೆ ಚಾಕು ತಗೊಂಡು ಸ್ವಂತ ಬಲೆನೇ ಕತ್ತರಿಸ್ಬೇಕು. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡೋಕೆ ಶುರು ಮಾಡ್ತು. ಮೊದ್ಲು ಆಫೀಸರ್ ಬಂದು ಕಣ್ಣಾರೆ ನೋಡೋವರೆಗೂ ಕಾಯ್ಬೇಕಿತ್ತು, ಅಷ್ಟೊತ್ತು ಮೀನು ಬಲೆಯಲ್ಲೇ ಒದ್ದಾಡ್ತಿತ್ತು. ಆಮೇಲೆ ಮೀನುಗಾರರ ಕೈಗೇ ವಾಟರ್‌ಪ್ರೂಫ್ ಕ್ಯಾಮೆರಾ ಕೊಟ್ರು, ಅವ್ರೇ ಫೋಟೋ ತೆಗೆದು ತಕ್ಷಣ ಬಲೆ ಕತ್ತರಿಸಿ ಬಿಡ್ಬಹುದು ಅಂತಾಯ್ತು. ದುಡ್ಡಿಗಿಂತ ಈ ನಂಬಿಕೆ ದೊಡ್ಡದು ಅಂತ ನನ್ನ ಅಭಿಪ್ರಾಯ. ಇಲ್ಲೀವರೆಗೆ ನೂರಾರು ಶಾರ್ಕ್‌ಗಳನ್ನ ಹೀಗೆ ಬಿಟ್ಟಿದಾರೆ. ಮಹಾರಾಷ್ಟ್ರದಲ್ಲೂ 2018ರಿಂದ ಆಮೆ ಥರದ ಸಂರಕ್ಷಿತ ಜೀವಿ ಬಿಡಿಸೋಕೆ ಬಲೆ ಕತ್ತರಿಸಿದವ್ರಿಗೆ 25 ಸಾವಿರದವರೆಗೂ ಕೊಡ್ತಾರೆ.

ನಿಮ್ಮೂರಿಗೆ ಬರೋಣ. ನಿಮ್ಮ ಮಂಡಲದಲ್ಲೇ ಕೂತು ರೂಲ್ಸ್ ಬರೀಬೇಡಿ, ಗುರಿಕಾರರು, ದೋಣಿಯವ್ರು, ಮೀನು ಮಾರೋ ಹೆಂಗಸ್ರು ಎಲ್ರನ್ನೂ ಕೂರಿಸ್ಕೊಂಡು ಎಷ್ಟು ಹರಿದ್ರೆ ಎಷ್ಟು ಕೊಡೋದು ಅಂತ ಅವ್ರ ಬಾಯಿಂದಲೇ ಬರಲಿ. ಫೋಟೋ ಬಂದ ಎರಡು ದಿನದೊಳಗೆ ದುಡ್ಡು ಕೈಗೆ ಸೇರ್ಬೇಕು, ತಿಂಗಳುಗಟ್ಲೆ ಸತಾಯಿಸಿದ್ರೆ ಮತ್ತೆ ಯಾರೂ ಬಲೆಗೆ ಚಾಕು ಹಾಕಲ್ಲ. ಲೆಕ್ಕ ಬರೆದು ಮೀನು ಇಳಿಸೋ ಜಾಗದಲ್ಲೇ ಅಂಟಿಸಿ. ಜೂನ್-ಜುಲೈ ಯಾಂತ್ರಿಕ ಬೋಟ್‌ಗಳಿಗೆ ರಜೆ, ಆಗ ಎಲ್ರೂ ಊರಲ್ಲಿರ್ತಾರೆ, ಮಾತಾಡೋಕೆ ಅದೇ ಒಳ್ಳೇ ಟೈಮು. ನೂಲ ಹುಣ್ಣಿಮೆ ದಿನ ಕಡಲಿಗೆ ಹಾಲೆರೆದು ಪೂಜೆ ಮಾಡ್ತೀರಲ್ಲ, ನಿಧಿನ ಅವತ್ತೇ ಶುರು ಮಾಡಿ. ಕಡಲಿನ ಮೇಲೆ ಭಕ್ತಿ ಅವ್ರಿಗೆ ಯಾರೂ ಹೊಸದಾಗಿ ಕಲಿಸ್ಬೇಕಿಲ್ಲ.

60 ಸಾವಿರ ಖಾಲಿಯಾದ್ಮೇಲೆ ಏನು ಅನ್ನೋ ಚಿಂತೆಗೆ ಪಲಾವ್ ದೇಶ ನೋಡಿ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ, 2018ರಿಂದ ಹೊರಗಿಂದ ಬರೋ ಪ್ರವಾಸಿಗರ ಟಿಕೆಟ್‌ನಲ್ಲೇ 100 ಡಾಲರ್ ಪರಿಸರ ಶುಲ್ಕ ಸೇರಿಸ್ತು, ಜೊತೆಗೆ ಪಾಸ್‌ಪೋರ್ಟಿನಲ್ಲಿ ಪಲಾವ್ ಮಕ್ಕಳಿಗೆ ಕೊಡೋ ಮಾತು ಅಂತ ಒಂದು ಪ್ರತಿಜ್ಞೆ ಅಚ್ಚೊತ್ತಿ ಸಹಿ ಹಾಕಿಸ್ಕೊಳ್ತಾರೆ. ಹೋಮ್‌ಸ್ಟೇಯವ್ರು ರೂಮಿಗೆ ಇಂತಿಷ್ಟು ಅಂತ ಬಲೆ ನಿಧಿಗೆ ಎತ್ತಿಟ್ಟು, ಯಾಕೆ ಅಂತ ಬಂದವ್ರಿಗೆ ಹೇಳಿದ್ರೆ ಸಾಕು.

ಇನ್ನೊಂದು, ಇದನ್ನ ದೋಣಿ ಹತ್ರ ಕೂತು ಹೇಳಿ. ಆಮೆ ಶ್ವಾಸಕೋಶದಲ್ಲಿ ಉಸಿರಾಡುತ್ತೆ, ಬಲೆಯಲ್ಲಿ ಸಿಕ್ಕು ಮೇಲೆ ಬರೋಕಾಗದಿದ್ರೆ ಉಸಿರುಗಟ್ಟುತ್ತೆ. ಎಳೆದು ಹಾಕಿದಾಗ ಸತ್ತಂಗೇ ಕಾಣುತ್ತೆ, ಹಾಗಂತ ತಕ್ಷಣ ನೀರಿಗೆ ಎಸೀಬೇಡಿ. ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಹಿಂಭಾಗ ಅರ್ಧ ಅಡಿಯಷ್ಟು ಎತ್ತರಿಸಿ, ನೆರಳಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ, ಮೂಗು ಮಾತ್ರ ಮುಚ್ಚಬಾರದು. ಕೆಲವು ಗಂಟೆ ಹಿಡಿಯುತ್ತೆ, ಕೆಲವೊಮ್ಮೆ ಒಂದಿಡೀ ದಿನ, ಜೀವ ಉಳಿದಿದ್ರೆ ಆಮೇಲೆ ಕಾಲಾಡಿಸುತ್ತೆ.